ಕಿಟಕಿಯಿಂದ ಗೋಡೆಯವರೆಗೆ ಒಂದು ಗೀರು

ಮೇ ೨

ಟೈಲರಮ್ಮನವರಿಗೆ,

ನೀವು ಬೀಗದ ಕೈ ಕೊಟ್ಟು ಹೋದ ಮರುದಿನ ಮೇಲಿನ ಮನೆಯನ್ನು ಪೂರ್ತಿ ನೋಡಿದೆ. ತೂಕ ಅಳತೆಯ ಇಲಾಖೆಯಲ್ಲಿ ಜೀವಮಾನ ಸವೆಸಿದವನು ನಾನು. ಅಂಗಡಿಯವರ ತಕ್ಕಡಿ ಎಳ್ಳುಕಾಳಷ್ಟು ವಾಲಿದರೂ ಬಿಟ್ಟವನಲ್ಲ. ಈಗ ರಿಟೈರಾದೆ ಅಂತ ನನ್ನದೇ ಮನೆಯನ್ನು ಕಣ್ಣು ಮುಚ್ಚಿಕೊಂಡು ನೋಡಲು ಆಗುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಗೋಡೆಗಳಲ್ಲಿ ಮೊಳೆ ಕಿತ್ತ ತೂತುಗಳಿವೆ. ಅಡಿಗೆಮನೆಯ ನಲ್ಲಿ ಎಷ್ಟು ತಿರುಗಿಸಿದರೂ ತೊಟ್ಟಿಕ್ಕುತ್ತದೆ. ಬೀದಿ ಕಡೆಯ ಕಿಟಕಿಯ ಚಿಲಕ ಸಡಿಲವಾಗಿದೆ. ಇವೆಲ್ಲ ಸಣ್ಣ ಮಾತು. ಆ ಕಿಟಕಿಯ ಬುಡದಿಂದ ಎದುರು ಗೋಡೆಯವರೆಗೂ ಸಿಮೆಂಟು ನೆಲದಲ್ಲಿ ಒಂದು ಉದ್ದನೆ ಗೀರು ಬಿದ್ದಿದೆ. ಬೆರಳಾಡಿಸಿದರೆ ಉಗುರು ಒಳಗಿಳಿಯುತ್ತದೆ. ಅದು ಸಣ್ಣ ಮಾತಲ್ಲ. ಇದ್ದಷ್ಟು ದಿನ ನೀವು ಅದರ ಮೇಲೆ ಚಾಪೆ ಹಾಸಿಕೊಂಡಿದ್ದಿರಿ ಎಂದು ಕಾಣುತ್ತದೆ.

ರಿಪೇರಿ ಮುಗಿದ ಮೇಲೆ ಅಡ್ವಾನ್ಸಿನ ಲೆಕ್ಕ ಚುಕ್ತಾ ಮಾಡುತ್ತೇನೆ. ಏನಿದ್ದರೂ ಬರೆದು ತಿಳಿಸಿ, ಫೋನು ಬೇಡ. ಬಾಯಿಮಾತು ಗಾಳಿಗೆ ಹೋಗುತ್ತದೆ.

ಇತಿ,
ಮನೆಯ ಮಾಲೀಕ


ಮೇ ೯

ಯಜಮಾನರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ನಿಮ್ಮ ಬರವಣಿಗೆ ನೋಡಿದ್ದು ಇದೇ ಮೊದಲು. ಇಷ್ಟು ವರ್ಷ ಬಾಡಿಗೆ ರಸೀದಿಯ ಮೇಲೆ ಸಹಿ ಮಾತ್ರ ಕಂಡಿದ್ದೆ. ಅದು ಕೋಳಿ ಕೆದಕಿದ ಹಾಗಿರುತ್ತಿತ್ತು. ಅಕ್ಷರ ಇಷ್ಟು ಮುದ್ದಾಗಿರುತ್ತದೆ ಎಂದು ಅಂದುಕೊಂಡಿರಲಿಲ್ಲ.

ಮೊಳೆಯ ತೂತು ನನ್ನವೇ. ಕತ್ತರಿ, ಟೇಪು, ಹೊಲಿದಿಟ್ಟ ಬಟ್ಟೆ ತೂಗುಹಾಕಲು ಹೊಡೆದದ್ದು. ಕ್ಯಾಲೆಂಡರಿನ ಮೊಳೆ ಮಾತ್ರ ನಾನು ಬರುವ ಮೊದಲೇ ಇತ್ತು, ಅದನ್ನು ನನ್ನ ತಲೆಗೆ ಕಟ್ಟಬೇಡಿ. ನಲ್ಲಿಯ ವಾಷರು ಸವೆದಿದೆ. ಅದನ್ನು ನಾನೇ ಹಾಕಿಸಬೇಕಿತ್ತು, ಇವತ್ತು ನಾಳೆ ಅಂತ ತಳ್ಳಿಕೊಂಡು ಬಂದೆ. ಚಿಲಕ ಮೊದಲಿನಿಂದಲೂ ಸಡಿಲ. ಗಾಳಿ ಬೀಸಿದಾಗ ಪಟಪಟ ಅನ್ನದಿರಲಿ ಎಂದು ಅದಕ್ಕೆ ಬಟ್ಟೆಯ ಚೂರು ತುರುಕುತ್ತಿದ್ದೆ. ನೆಲದ ಗೀರು ಮೆಷಿನ್ನು ಸರಿಸಿದಾಗ ಆದದ್ದು. ಯಾಕೆ ಸರಿಸಿದೆ ಎಂದು ಬರೆಯುವುದು ಬೇಡ, ಅದು ನಿಮಗೂ ಗೊತ್ತಿರುವ ವಿಷಯವೇ.

ಈ ಊರಲ್ಲಿ ಚೆನ್ನಾಗಿದ್ದೇನೆ. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಕೆಲಸ. ಹರಿದ ಹಾಸಿಗೆ ಬಟ್ಟೆಗೆ ತೇಪೆ ಹಾಕುವುದು, ರೋಗಿಗಳ ಅಂಗಿಗೆ ಕಿತ್ತುಹೋದ ಲಾಡಿ ಹಚ್ಚುವುದು. ಅಳತೆ ತೆಗೆಯುವ ಕೆಲಸವೇ ಇಲ್ಲ, ಎಲ್ಲರಿಗೂ ಒಂದೇ ಅಂಗಿ. ಸದ್ಯಕ್ಕೆ ದೊಡ್ಡಮ್ಮನ ಮಗಳ ಮನೆಯಲ್ಲಿದ್ದೇನೆ. ಅಕ್ಕ, ಭಾವ ಇಬ್ಬರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ನೋಡಿಟ್ಟಿದ್ದೇನೆ. ಬೆಳಕಿದೆ, ಮೆಷಿನ್ನಿಗೆ ಜಾಗ ಇದೆ. ಆ ಮನೆಯಾಕೆ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಾರೆ. ನಿಮ್ಮ ಹತ್ತಿರ ಇರುವ ಅಡ್ವಾನ್ಸನ್ನೇ ಅವರಿಗೆ ಕೊಡಬೇಕು, ನನ್ನ ಬಳಿ ಬೇರೆ ಗಂಟಿಲ್ಲ. ವಾಷರು, ಮೊಳೆ ಏನಿದೆಯೋ ಹಿಡಿದುಕೊಂಡು ಉಳಿದದ್ದನ್ನು ಬೇಗ ಕಳಿಸಿದರೆ ಉಪಕಾರವಾಗುತ್ತದೆ.

ಇತಿ,
ಮೇಲಿನ ಮನೆಯಲ್ಲಿದ್ದ ಟೈಲರ್


ಮೇ ೧೬

ಟೈಲರಮ್ಮನವರಿಗೆ,

ಮೇಸ್ತ್ರಿಯನ್ನು ಕರೆಸಿ ತೋರಿಸಿದೆ. ಗೀರಿಗೆ ಸಿಮೆಂಟು ತುಂಬಿದರೆ ಹೊಸದು ಹಳೆಯದಕ್ಕೆ ಹೊಂದುವುದಿಲ್ಲ, ಹಾವು ಹರಿದ ಹಾಗೆ ಎದ್ದು ಕಾಣುತ್ತದೆ ಎಂದ. ಆ ಕೋಣೆಯ ನೆಲವನ್ನು ಪೂರ್ತಿ ಎಬ್ಬಿಸಿ ಹೊಸದಾಗಿ ಹಾಕಬೇಕಂತೆ. ಅವನು ಹೇಳಿದ ಖರ್ಚಿಗೆ ನಿಮ್ಮ ಅಡ್ವಾನ್ಸು ಪೂರ್ತಿ ಹೋಗುತ್ತದೆ, ಮೇಲೆ ಸ್ವಲ್ಪ ಬೀಳುತ್ತದೆ. ಮೇಲೆ ಬೀಳುವುದನ್ನು ನಾನು ಹಾಕಿಕೊಳ್ಳುತ್ತೇನೆ. ಮೊಳೆ, ನಲ್ಲಿ, ಚಿಲಕ ಎಲ್ಲ ಬಿಟ್ಟಿದ್ದೇನೆ.

ಮೆಷಿನ್ನನ್ನು ಯಾಕೆ ಸರಿಸಿದಿರಿ ಎಂದು ನನಗೆ ಗೊತ್ತು ಎಂದು ಬರೆದಿದ್ದೀರಿ. ಗೊತ್ತು. ಎಳೆದ ದಿನವೂ ನೆನಪಿದೆ. ನಾವು ಗಂಡ ಹೆಂಡತಿ ಕೆಳಗಿದ್ದೆವು. ಆ ಕರಕರ ಸದ್ದು ಕಿಟಕಿಯ ಕಡೆಯಿಂದ ಹೊರಟು ನಮ್ಮ ತಲೆಯ ಮೇಲೆ ಹಾದು ಆಚೆ ಗೋಡೆಗೆ ಹೋಗಿ ನಿಂತಿತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ.

ಇತಿ,
ಮನೆಯ ಮಾಲೀಕ


ಮೇ ೨೩

ಯಜಮಾನರಿಗೆ,

ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ನಿಮ್ಮ ರಿಪೇರಿ ಹಾಗಿದೆ. ಒಂದು ಗೀರಿಗೆ ಇಡೀ ನೆಲ. ನಾಳೆ ನಾನು ಮೆಟ್ಟಿಲಿನ ಕಂಬಿ ಹಿಡಿದು ಹತ್ತಿದ್ದಕ್ಕೆ ಕಂಬಿ ಸವೆಯಿತು ಅಂತ ಮನೆಯನ್ನೇ ಕೆಡವಿಸುತ್ತೀರೇನೋ.

ಬಾಡಿಗೆ ಒಂದು ತಿಂಗಳೂ ತಡ ಮಾಡಲಿಲ್ಲ. ಸುಣ್ಣ ಹೊಡೆಸಿ ಎಂದು ಒಂದು ದಿನವೂ ಬಾಯಿಬಿಡಲಿಲ್ಲ. ಗಿರಾಕಿಗಳಿಗೆ ಚಪ್ಪಲಿ ಕೆಳಗೇ ಬಿಟ್ಟು ಮೆತ್ತಗೆ ಹತ್ತಿ ಬನ್ನಿ, ಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂದು ಹೇಳಿ ಹೇಳಿ ಅರ್ಧ ಗಿರಾಕಿಗಳನ್ನು ಕಳಕೊಂಡೆ. ರೆಡಿಮೇಡಿನ ಕಾಲದಲ್ಲಿ ಉಳಿದ ಅರ್ಧದಲ್ಲಿ ಹೊಟ್ಟೆ ತುಂಬಲಿಲ್ಲ, ಅದಕ್ಕೇ ಈ ಊರಿಗೆ ಬಂದದ್ದು. ಇಷ್ಟು ಮಾಡಿದವಳಿಗೆ ನೀವು ಕೊಡುವ ಬಹುಮಾನ ಇದು.

ಯಾಕೆ ಎಳೆದೆ ಎಂದು ಗೊತ್ತಿದ್ದೂ ಅದಕ್ಕೇ ದಂಡ ಹಾಕುತ್ತೀರಲ್ಲ, ಅದು ನನಗೆ ಅರ್ಥವಾಗುವುದಿಲ್ಲ. ನಿಮ್ಮ ತಕ್ಕಡಿಯ ಕಲ್ಲನ್ನು ಯಾರು ಪರೀಕ್ಷೆ ಮಾಡುತ್ತಾರೆ ಯಜಮಾನರೇ?

ನೋಡಿಟ್ಟ ಕೋಣೆಯನ್ನು ಆ ಮನೆಯಾಕೆ ಬೇರೆಯವರಿಗೆ ಕೊಟ್ಟರು. ತಿಂಗಳ ಕೊನೆಯವರೆಗೂ ಕಾಯಲಿಲ್ಲ.

ಟೈಲರ್


ಜೂನ್ ೪

ಟೈಲರಮ್ಮನವರಿಗೆ,

ಮಾತು ಇಲ್ಲಿಯವರೆಗೆ ಬಂದ ಮೇಲೆ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತೇನೆ.

ನನ್ನ ಹೆಂಡತಿ ಪಾರ್ಶ್ವವಾಯು ಬಡಿದು ಮಲಗಿದ್ದಳು. ಮಾತು ಹೋಗಿತ್ತು, ಒಂದು ಕೈ ಹೋಗಿತ್ತು. ಕಿಟಕಿಯ ಪಕ್ಕದ ಮಂಚ ಬಿಟ್ಟರೆ ಅವಳಿಗೆ ಪ್ರಪಂಚವೇ ಇರಲಿಲ್ಲ. ಅಂಥವಳು ಮಂಚದ ಪಕ್ಕದಿಂದ ನಿಮ್ಮ ಮನೆಗೆ ಹತ್ತುವ ನೀರಿನ ಪೈಪಿನ ಮೇಲೆ ಚಮಚದಿಂದ ನಾಲ್ಕು ಸಲ ತಟ್ಟಿದರೆ ನಿಮಗೆ ಅಷ್ಟೊಂದು ಸಿಟ್ಟು ಬಂತೇ? ಕಿಟಕಿಯ ಬಳಿ ಇದ್ದ ಮೆಷಿನ್ನನ್ನು ಆಚೆ ಗೋಡೆಗೆ ಎಳೆದುಕೊಂಡು ಹೋಗುವಷ್ಟು? ಅವಳು ಹೋಗಿ ಎರಡು ವರ್ಷವಾಯಿತು. ಆ ಸದ್ದನ್ನು ನಾನು ಮರೆತಿಲ್ಲ. ಈಗ ಬಾಗಿಲು ತೆರೆದರೆ ಅದರ ಗುರುತೂ ನೆಲದ ಮೇಲೆ ಬಿದ್ದುಕೊಂಡಿದೆ. ಅದನ್ನು ನಾನು ಅಲ್ಲಿ ಇರಗೊಡುವುದಿಲ್ಲ.

ಮುಂದಿನ ತಿಂಗಳು ಮೇಸ್ತ್ರಿ ಬಂದು ನೆಲ ಎಬ್ಬಿಸುತ್ತಾನೆ.

ಮಾಲೀಕ


ಜೂನ್ ೧೧

ಯಜಮಾನರೇ,

ನಿಮ್ಮ ಪತ್ರವನ್ನು ಆಸ್ಪತ್ರೆಯ ಬಟ್ಟೆ ರಾಶಿಯ ಹಿಂದೆ ಕೂತು ಓದಿದೆ. ಒಂದು ಸಲಕ್ಕೆ ಅರ್ಥವಾಗಲಿಲ್ಲ. ಸಿಟ್ಟು ಅಂದಿದ್ದೀರಿ. ನನಗೆ? ನಿಮ್ಮ ಮನೆಯ ಅಮ್ಮನ ಮೇಲೆ?

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಆಮೇಲೆ ನಿಮ್ಮಿಷ್ಟ.

ಮಧ್ಯಾಹ್ನ ಊಟ ಮಾಡಿ ನಾನು ಮೆಷಿನ್ನಿಗೆ ಕೂರುತ್ತಿದ್ದೆ. ಒಂದು ಹೊಲಿಗೆ ಮುಗಿಸಿ ಬಟ್ಟೆ ತಿರುಗಿಸುವಷ್ಟರಲ್ಲಿ ಕಿಟಕಿ ಪಕ್ಕದ ಪೈಪಿನಲ್ಲಿ ಟಣ್ ಟಣ್ ಎಂದು ಶುರುವಾಗುತ್ತಿತ್ತು. ಮೊದಲ ದಿನವೇ ತಿಳಿಯಿತು, ಅಮ್ಮನಿಗೆ ನಿದ್ದೆ ಕೆಡುತ್ತಿದೆ, ನಿಲ್ಲಿಸು ಅನ್ನುತ್ತಿದ್ದಾರೆ ಎಂದು. ಕೂಡಲೇ ಎದ್ದುಬಿಡುತ್ತಿದ್ದೆ. ಸಂಜೆ ಮಾಡೋಣ ಎಂದರೆ ಸಂಜೆಯೂ ಅದೇ. ಮೆಷಿನ್ನಿನ ಕಾಲಡಿಗೆ ಗೋಣಿಚೀಲ ಮಡಿಸಿ ಹಾಕಿದೆ. ಆಗಲೂ ತಟ್ಟಿದರು. ಕೊನೆಗೆ ಅಮ್ಮನ ಮಂಚದಿಂದ ದೂರವಾಗಲಿ ಎಂದು ಆಚೆ ಗೋಡೆಗೆ ತಳ್ಳಿದೆ. ಕಬ್ಬಿಣದ ಮೆಷಿನ್ನು, ಒಬ್ಬಳೇ ಎತ್ತಲು ಆಗಲಿಲ್ಲ, ಎಳೆದೆ. ಗೋಣಿಚೀಲ ಜಾರಿಹೋಗಿ ಕಾಲು ನೆಲಕ್ಕೆ ಕಚ್ಚಿತು. ಅಯ್ಯೋ ಇಷ್ಟು ಸದ್ದಾಯಿತಲ್ಲ, ಅಮ್ಮ ಎಷ್ಟು ಬೆಚ್ಚಿಬಿದ್ದರೋ ಎಂದು ನಡುವೆಯೇ ಬಿಟ್ಟು ನಿಂತಿದ್ದೆ. ಬಿಟ್ಟರೆ ಇನ್ನೊಮ್ಮೆ ಎಳೆಯಬೇಕಲ್ಲ ಎಂದು ಮುಗಿಸಿಬಿಟ್ಟೆ.

ಆಮೇಲೆ ತಟ್ಟುವುದು ಇನ್ನೂ ಜಾಸ್ತಿಯಾಯಿತು. ಮೆಷಿನ್ನು ಮುಚ್ಚಿಟ್ಟು, ಆಗುವಷ್ಟನ್ನು ಕೈಯಲ್ಲೇ ಹೊಲಿಯತೊಡಗಿದೆ. ಅಮ್ಮನಿಗೆ ಮುಂದೆ ತೆರೆಯುವ ಅಂಗಿ ಬೇಕು ಎಂದು ನೀವು ಮೆಟ್ಟಿಲ ಮೇಲೆ ಒಮ್ಮೆ ಹೇಳಿದಿರಲ್ಲ, ಅವನ್ನೂ ಮೆಷಿನ್ನಿಗೆ ಹಾಕಲಿಲ್ಲ. ತೋಳು ತೂರಿಸುವ ಕಷ್ಟ ಬೇಡ ಎಂದು ಪಕ್ಕಕ್ಕೆ ಲಾಡಿ ಇಟ್ಟು ಕೈಯಲ್ಲೇ ಹೊಲಿದು ಬಾಗಿಲಲ್ಲಿ ಕೊಟ್ಟುಹೋದೆ. ಸಿಟ್ಟಿದ್ದವಳು ಹಾಗೆ ಮಾಡುತ್ತಾಳೆಯೇ? ಸ್ವಲ್ಪ ದಿನಕ್ಕೆ ತಟ್ಟುವುದು ತಾನಾಗಿಯೇ ನಿಂತಿತು. ಅಬ್ಬ, ಈಗ ಅಮ್ಮನಿಗೆ ಸಮಾಧಾನವಾಯಿತು ಅಂದುಕೊಂಡೆ.

ಕೆಳಗೆ ಬಂದು ಒಂದು ಮಾತು ಕೇಳಬಹುದಿತ್ತು. ಹೆದರಿಕೆ. ನಿಮ್ಮ ಮುಖ ನೋಡಿದರೆ ಮನೆ ಖಾಲಿ ಮಾಡಿ ಅನ್ನುತ್ತೀರೇನೋ ಎಂದು ಕಾಲು ಮುಂದೆ ಬರುತ್ತಿರಲಿಲ್ಲ.

ಇನ್ನೊಂದು ಮಾತು. ಇಲ್ಲಿ ಚೆನ್ನಾಗಿದ್ದೇನೆ ಎಂದು ಬರೆದದ್ದು ಸುಳ್ಳು. ಅಕ್ಕನ ಮನೆ ಸಣ್ಣದು. ಎಲ್ಲರೂ ಮಲಗಿದ ಮೇಲೆ ನಡುಮನೆಯಲ್ಲಿ ಹಾಸಿಕೊಂಡು, ಅವರು ಏಳುವ ಮೊದಲು ಮಡಿಸಿಡಬೇಕು. ಭಾವ ಏನೂ ಅನ್ನುವುದಿಲ್ಲ, ಆದರೆ ನಾನು ಎದುರು ಬಂದರೆ ಪೇಪರು ಎತ್ತಿ ಹಿಡಿಯುತ್ತಾರೆ. ಮೆಷಿನ್ನು ಓಡಾಡುವ ದಾರಿಯಲ್ಲಿ ನಿಂತಿದೆ, ಎಲ್ಲರೂ ಅದರ ಮೇಲೆ ಒದ್ದೆ ಟವಲು ಹಾಕುತ್ತಾರೆ. ಇಲ್ಲಿಗೆ ಬಂದಮೇಲೆ ಒಂದು ದಿನವೂ ಅದನ್ನು ತುಳಿದಿಲ್ಲ. ಯಾರೂ ಬೇಡ ಅಂದಿಲ್ಲ, ನನಗೇ ಕಾಲು ಏಳುವುದಿಲ್ಲ.

ಟೈಲರ್


ಜೂನ್ ೩೦

ಯಜಮಾನರಿಗೆ,

ನಿಮ್ಮಿಂದ ಉತ್ತರವಿಲ್ಲ. ಹೋದ ಪತ್ರದಲ್ಲಿ ಹೆಚ್ಚು ಬರೆದುಬಿಟ್ಟೆನೇನೋ. ಸತ್ತವರ ವಿಷಯ ಎತ್ತಬಾರದಿತ್ತೇನೋ.

ದುಡ್ಡು ಇಟ್ಟುಕೊಳ್ಳಿ ಎಂದು ದೊಡ್ಡ ಮನಸ್ಸು ಮಾಡಿ ಬರೆಯಬೇಕು ಅನಿಸುತ್ತದೆ, ಆದರೆ ಆ ಶಕ್ತಿ ನನಗಿಲ್ಲ. ಅಕ್ಕ ನಿನ್ನೆ, ಮಳೆಗಾಲ ಮುಗಿಯುವುದರೊಳಗೆ ಎಲ್ಲಾದರೂ ನೋಡಿಕೊಳ್ಳುತ್ತೀಯಲ್ಲ ಎಂದು ಕೇಳಿದಳು. ಮೆತ್ತಗೇ ಕೇಳಿದಳು, ಪಾಪ. ಸಿಕ್ಕಿದಷ್ಟು ಕಳಿಸಿ. ನೆಲ ಎಬ್ಬಿಸಿ ಉಳಿಯುವುದು ಏನೂ ಇಲ್ಲ ಅಂತಾದರೆ ಅದನ್ನಾದರೂ ಒಂದು ಸಾಲು ಬರೆಯಿರಿ, ನಾನು ಆಸೆ ಬಿಟ್ಟು ಬೇರೆ ದಾರಿ ಹುಡುಕುತ್ತೇನೆ.

ಅಮ್ಮನ ಮೇಲೆ ನನಗೆ ಸಿಟ್ಟಿರಲಿಲ್ಲ ಎನ್ನುವುದನ್ನು ಮಾತ್ರ ನಂಬಿ.

ಟೈಲರಮ್ಮ


ಜುಲೈ ೮

ಟೈಲರಮ್ಮ,

ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತದ್ದು ನನ್ನ ತಪ್ಪು. ದಿನವೂ ಬರೆಯಲು ಕೂರುತ್ತಿದ್ದೆ, ನಿಮ್ಮ ಹೆಸರಿನ ಜಾಗ ತುಂಬಿ ಪೆನ್ನು ಕೆಳಗಿಡುತ್ತಿದ್ದೆ.

ಅವಳು ತಟ್ಟುತ್ತಿದ್ದದ್ದು ನಿಲ್ಲಿಸಿ ಎಂದಲ್ಲ. ನಿಲ್ಲಿಸಬೇಡಿ ಎಂದು.

ಮಲಗಿದ ಮೇಲೆ ಅವಳಿಗೆ ಯಾವುದೂ ರುಚಿಸುತ್ತಿರಲಿಲ್ಲ. ರೇಡಿಯೋ ಹಾಕಿದರೆ ಮುಖ ತಿರುಗಿಸುತ್ತಿದ್ದಳು. ನಾನು ಪೇಪರು ಓದಿ ಹೇಳಿದರೆ ಕಣ್ಣು ಮುಚ್ಚುತ್ತಿದ್ದಳು. ನಿಮ್ಮ ಮೆಷಿನ್ನು ಶುರುವಾದರೆ ಮಾತ್ರ ಅವಳ ಹಣೆಯ ಗಂಟು ಬಿಚ್ಚುತ್ತಿತ್ತು. ಮನೆಯಲ್ಲಿ ಯಾರೋ ಕೆಲಸ ಮಾಡುತ್ತಿದ್ದಾರೆ, ಲೋಕ ನಡೆಯುತ್ತಿದೆ ಎಂಬ ಹಾಗೆ. ನೀವು ಬಟ್ಟೆ ತಿರುಗಿಸಲು ನಿಲ್ಲಿಸಿದರೆ ಸಾಕು, ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಉಳಿದ ಒಂದು ಕೈಯಲ್ಲಿ ಔಷಧಿಯ ಚಮಚ ತೆಗೆದುಕೊಂಡು, ಇನ್ನೂ ಸ್ವಲ್ಪ ಎಂದು ಪೈಪಿಗೆ ತಟ್ಟುತ್ತಿದ್ದಳು. ತಟ್ಟಿದ ಕೂಡಲೆ ನಿಮ್ಮ ಸದ್ದು ನಿಂತೇ ಹೋಗುತ್ತಿತ್ತು. ಬಾಡಿಗೆ ಕೊಡುವವಳು ನಾನು, ನಿಮ್ಮ ಅಪ್ಪಣೆಗೆ ಹೊಲಿಯುವವಳಲ್ಲ ಎಂದು ನೀವು ಮುನಿಸಿಕೊಂಡಿರಿ ಎಂದು ನಾನು ತಿಳಿದೆ. ಮೆಷಿನ್ನು ಎಳೆದ ಮೇಲೆ ಆ ಅನುಮಾನ ಗಟ್ಟಿಯಾಯಿತು.

ನೀವು ಕೊಟ್ಟ ಅಂಗಿಗಳನ್ನು ಒಳಗೆ ತಂದು ತೋರಿಸಿದಾಗ ಅವಳು ಲಾಡಿ ಮುಟ್ಟಿ ನೋಡಿ ಮೇಲೆ ಕಣ್ಣು ಮಾಡಿದಳು. ಮೇಲಿನವಳು ಹೊಲಿದದ್ದೇ ಎಂದು ಕೇಳುತ್ತಿದ್ದಳು. ಮೇಲೆ ಮೆಷಿನ್ನು ಓಡಿದ್ದು ನನಗೆ ಕೇಳಿಸಿರಲಿಲ್ಲ. ಅಲ್ಲ, ಅಂಗಡಿಯಿಂದ ತಂದುಕೊಟ್ಟಿರಬೇಕು ಎಂದೆ. ತಟ್ಟುವುದು ತಾನಾಗಿ ನಿಂತಿತು ಎಂದು ಬರೆದಿದ್ದೀರಿ. ತಾನಾಗಿ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಅವಳು ತಟ್ಟುತ್ತಲೇ ಇದ್ದಳು, ನನಗೆ ನೋಡಲಾಗಲಿಲ್ಲ. ಚಮಚ ಕೈಯಿಂದ ತೆಗೆದಿಟ್ಟು ಹೇಳಿದೆ, "ಬಿಡು, ಅವಳಿಗೆ ನಾವು ಬೇಡ." ಆಮೇಲೆ ಅವಳು ಚಮಚ ಕೇಳಲಿಲ್ಲ.

ಒಂಟಿ ಹೆಂಗಸಿನ ಮನೆ, ಗಂಡಸು ಹೋಗಿ ಬಾಗಿಲು ತಟ್ಟಬಾರದು ಎಂದು ನಾನು ಮೇಲೆ ಬರಲಿಲ್ಲ. ಯಜಮಾನರ ಮುಖಕ್ಕೆ ಹೆದರಿ ನೀವು ಕೆಳಗೆ ಬರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಮ್ಮ ಮನೆಯಲ್ಲಿ ಬಂಗಾರ ಬೇಕಾದಷ್ಟಿತ್ತು.

ನಿಮ್ಮ ಪತ್ರ ಓದಿದ ಮೇಲೂ ನನ್ನ ಹಳೆ ಬುದ್ಧಿ ಬಿಡಲಿಲ್ಲ. ಪರೀಕ್ಷೆ ಮಾಡಿಯೇ ನೋಡೋಣ, ಅವಳ ತಟ್ಟು ಮೇಲೆ ಹೇಗೆ ಕೇಳಿಸುತ್ತಿತ್ತು ಎಂದುಕೊಂಡೆ. ಅದಕ್ಕೆ ಕೆಳಗೊಬ್ಬರು ಮೇಲೊಬ್ಬರು ಬೇಕು. ತಟ್ಟುವವನೂ ನಾನೇ ಕೇಳುವವನೂ ನಾನೇ ಆದರೆ ಆಗುತ್ತದೆಯೇ? ಇಡೀ ಮನೆಯಲ್ಲಿ ಎರಡನೆಯ ಮನುಷ್ಯನಿಲ್ಲ. ಆ ದಿನ ನನಗೆ ಬಹಳ ಕಷ್ಟವಾಯಿತು ಟೈಲರಮ್ಮ. ಮೇಸ್ತ್ರಿ ನೆಲ ಎಬ್ಬಿಸಲು ಬರುವವರೆಗೆ ಕಾದೆ. ಅವನ ಕೈಗೆ ಅದೇ ಚಮಚ ಕೊಟ್ಟು, ಮಂಚದ ಮೇಲೆ ಕೂರಿಸಿ, ಪೈಪಿಗೆ ಮೆತ್ತಗೆ ತಟ್ಟು ಎಂದೆ. ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ನಾನು ಮೆಟ್ಟಿಲು ಹತ್ತಿ ಹೋಗಿ ನಿಮ್ಮ ಮೆಷಿನ್ನಿದ್ದ ಕಿಟಕಿಯ ಬಳಿ ನಿಂತೆ.

ಅವನು ಮೆತ್ತಗೇ ತಟ್ಟಿದ. ಮೇಲೆ ಅದು ಬೈದ ಹಾಗೆ ಕೇಳಿಸಿತು. ಒಳಗಿನ ಅರ್ಥ ಗೊತ್ತಿದ್ದ ನಾನೇ ಕಿಟಕಿಯಿಂದ ಹಿಂದೆ ಸರಿದೆ. ನಿಮ್ಮ ಜಾಗದಲ್ಲಿದ್ದರೆ ನಾನೂ ಮೆಷಿನ್ನು ಬಿಟ್ಟು ಏಳುತ್ತಿದ್ದೆ. ಒಬ್ಬರ ತೂಕ ಇನ್ನೊಬ್ಬರ ತಟ್ಟೆಯಲ್ಲಿ ಹೀಗೂ ಬೇರೆಯಾಗುತ್ತದೆ ಎಂದು ಇಷ್ಟು ವರ್ಷದ ನೌಕರಿಯಲ್ಲಿ ಕಲಿತಿರಲಿಲ್ಲ.

ಮೇಸ್ತ್ರಿಯನ್ನು ವಾಪಸು ಕಳಿಸಿದೆ. ಅರ್ಧ ದಿನದ ಕೂಲಿ ಕೊಟ್ಟೆ, ಅದು ನನ್ನ ಲೆಕ್ಕಕ್ಕೆ. ಗೀರು ಅಲ್ಲೇ ಇರುತ್ತದೆ. ಅವಳ ನಿದ್ದೆ ಕೆಡದಿರಲಿ ಎಂದು ಒಬ್ಬರು ಒಂಟಿಯಾಗಿ ಕಬ್ಬಿಣ ಎಳೆದ ಗುರುತು ಅದು. ಅವಳ ಸಲುವಾಗಿ ಇಷ್ಟು ಆಳದ ಗುರುತು ಬೇರೆ ಎಲ್ಲೂ ಬಿದ್ದಿಲ್ಲ.

ಅಡ್ವಾನ್ಸು ಬ್ಯಾಂಕಿನಲ್ಲಿ ಕಟ್ಟಿದ್ದೇನೆ, ಈ ಪತ್ರಕ್ಕಿಂತ ಮೊದಲೇ ತಲುಪುತ್ತದೆ. ನಲ್ಲಿಯ ವಾಷರಿನ ದುಡ್ಡು ಹಿಡಿದಿದ್ದೇನೆ. ಅದು ನ್ಯಾಯ, ನೀವೇ ಒಪ್ಪಿದ್ದೀರಿ.

ಮೆಷಿನ್ನಿನ ಮೇಲಿನ ಟವಲು ಮೊದಲು ತೆಗೆಸಿ. ಒದ್ದೆಗೆ ತುಕ್ಕು ಹಿಡಿಯುತ್ತದೆ.

ಕೆಳಗಿನ ಮನೆಯವನು


ಜುಲೈ ೨೬

ಕೆಳಗಿನ ಮನೆಯವರಿಗೆ ನಮಸ್ಕಾರ.

ದುಡ್ಡು ತಲುಪಿತು. ವಾಷರಿನದು ಹಿಡಿದದ್ದು ನ್ಯಾಯವೇ. ಚಿಲಕ ಮಾತ್ರ ನಾನು ಬರುವ ಮೊದಲೇ ಸಡಿಲವಿತ್ತು, ಅದನ್ನು ಸಾಯುವವರೆಗೂ ಬಿಟ್ಟುಕೊಡುವುದಿಲ್ಲ.

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ಅಮ್ಮ ಕೇಳಿದಾಗ ನೀವು ಅಂಗಡಿಯದು ಅಂದಿರಲ್ಲ, ಅಲ್ಲಿಗೆ ಬಂದರೆ ಪ್ರತಿ ಸಲ ಕಣ್ಣು ತುಂಬಿ ಮುಂದಕ್ಕೆ ಹೋಗಲಾಗುವುದಿಲ್ಲ. ಅದೊಂದನ್ನು ಮೆಷಿನ್ನಿನಲ್ಲಿ ಹೊಲಿದಿದ್ದರೆ ಸಾಕಾಗಿತ್ತು. ನಿಮ್ಮನ್ನು ದೂರುತ್ತಿಲ್ಲ. ಯಾರನ್ನು ದೂರಬೇಕು ಎಂದೇ ನನಗೆ ಗೊತ್ತಾಗುವುದಿಲ್ಲ.

ಕೋಣೆ ಸಿಕ್ಕಿತು. ಮೊದಲು ನೋಡಿದ್ದಕ್ಕಿಂತ ಸಣ್ಣದು, ಬಾಗಿಲು ತೆರೆದರೆ ಗ್ಯಾರೇಜಿನ ಗೋಡೆ. ನೆಲದ ಅಂತಸ್ತು, ಹಾಗಾಗಿ ಕೆಳಗೆ ಯಾರೂ ಇಲ್ಲ. ಪಕ್ಕದ ಕೋಣೆಗೂ ಬೀಗ. ಸೇರಿದ ದಿನ ಗೋಡೆ, ನಲ್ಲಿ, ಚಿಲಕ ಎಲ್ಲ ನೋಡಿ ಬರೆದು ಮನೆಯವರ ಸಹಿ ಹಾಕಿಸಿಕೊಂಡೆ. ನಿಮ್ಮಿಂದ ಕಲಿತದ್ದು. ಅವರು ನನ್ನನ್ನು ಒಂಥರಾ ನೋಡಿದರು.

ನೀವು ಮೇಲಿನ ಮನೆಯನ್ನು ಖಾಲಿ ಬಿಡಬೇಡಿ. ಯಾರಿಗಾದರೂ ಕೊಡಿ, ಮಕ್ಕಳಿರುವವರಿಗೇ ಕೊಡಿ. ತಟ್ಟಿದ್ದು ಕೇಳಿದರೆ ಇಳಿದು ಬಂದು ಯಾಕೆ ಎಂದು ಕೇಳಿ ಅಂತ ಮೊದಲೇ ಹೇಳಿಬಿಡಿ. ಬಾಯಿಮಾತು ಗಾಳಿಗೆ ಹೋದರೆ ಹೋಗಲಿ.

ಮೆಷಿನ್ನನ್ನು ಇಬ್ಬರು ಕೂಲಿಯವರು ಎತ್ತಿ ತಂದು ಕಿಟಕಿಯ ಬಳಿ ಇಟ್ಟರು. ಕಾಲಡಿಗೆ ಗೋಣಿಚೀಲ ಹಾಕಲಿಲ್ಲ. ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟೆ. ನಿನ್ನೆ ರಜೆ. ಮಧ್ಯಾಹ್ನ ಊಟ ಮಾಡಿ ಕೂತೆ, ಹೊಲಿಯಲು ಬಟ್ಟೆ ಏನೂ ಇರಲಿಲ್ಲ, ಹಳೆ ಸೀರೆಯೊಂದನ್ನು ಹರಿದು ಪರದೆ ಮಾಡೋಣ ಎಂದು. ಒಂದು ಅಂಚು ಹೊಲಿದು ಬಟ್ಟೆ ತಿರುಗಿಸಲು ನಿಲ್ಲಿಸಿದೆ. ನಿಲ್ಲಿಸಿದವಳು ಹಾಗೇ ಕೂತುಬಿಟ್ಟೆ, ಕೈ ಚಕ್ರದ ಮೇಲೆ, ಕಿವಿ ಗೋಡೆಯ ಕಡೆ.

ಯಾರೂ ತಟ್ಟಲಿಲ್ಲ.

ಮತ್ತೆ ತುಳಿದೆ. ಪರದೆಯ ನಾಲ್ಕು ಅಂಚೂ ಮುಗಿಯಿತು. ಆಮೇಲೆ ಸುಮ್ಮನೆ ಚಿಂದಿ ಬಟ್ಟೆಯ ಮೇಲೆ ಹೊಲಿಯುತ್ತಾ ಹೋದೆ, ಬೆಳಕು ಇರುವವರೆಗೂ ನಿಲ್ಲಿಸಲಿಲ್ಲ.

ಮೇಲಿನ ಮನೆಯವಳು